ಖಾಲಿ ಕೊಡದೊಳಗೆ ಏನಿದೆ?

ನೀರು ಚೆಲ್ಲಿ ಬರಿದು ಮಾಡಿದ ಒಂದು ಕೊಡ. ಒಳಗೇನಿದೆ ಎಂದು ಕೇಳಿದರೆ ಏನೂ ಇಲ್ಲ ಎನ್ನುತ್ತೇವೆ. ಒತ್ತಿ ಕೇಳಿದರೆ ಗಾಳಿ ಇದೆ ಎನ್ನುತ್ತೇವೆ. ಗಾಳಿಯನ್ನೂ ಎಳೆದು ತೆಗೆದರೆ? ಆಗಲೂ ಜಾಗ ಇದ್ದೇ ಇರುತ್ತದಲ್ಲ ಎನ್ನುತ್ತೇವೆ. ಮೊದಲ ಎರಡು ಉತ್ತರಗಳನ್ನು ಹೇಗಾದರೂ ಪರೀಕ್ಷೆ ಮಾಡಬಹುದು. ಮೂರನೆಯದನ್ನು? ಕಣ್ಣಿಗೆ ಕಾಣದ, ಕೈಗೆ ಸಿಗದ, ತೂಕವಿಲ್ಲದ ಈ ‘ಜಾಗ’ ಇದೆ ಎಂದು ನಮಗೆ ಇಷ್ಟು ಖಚಿತವಾಗಿ ಗೊತ್ತಾದದ್ದು ಹೇಗೆ?

ತತ್ತ್ವಶಾಸ್ತ್ರವೂ ವಿಜ್ಞಾನವೂ ಎರಡೂವರೆ ಸಾವಿರ ವರ್ಷದಿಂದ ಈ ಪ್ರಶ್ನೆಯ ಬೆನ್ನು ಹತ್ತಿವೆ. ಆ ಕಥೆಯನ್ನು ಓದುತ್ತ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಒಂದಿದೆ: ವಾದ ಎಲ್ಲಿಂದ ಹೊರಟರೂ ಸುತ್ತಿ ಬಳಸಿ ಒಂದು ಪಾತ್ರೆಯ ಬಳಿಗೇ ಬರುತ್ತದೆ. ಅರಿಸ್ಟಾಟಲನಿಗೆ ಹೂಜಿ, ಗೌಡಪಾದರಿಗೆ ಘಟ, ಟಾರಿಚೆಲ್ಲಿಗೆ ಗಾಜಿನ ಕೊಳವೆ, ನ್ಯೂಟನ್ನನಿಗೆ ಬಕೆಟ್. ಹಾಗಾಗಿ ನಾವೂ ಕೊಡವನ್ನು ಕೈಬಿಡದೆ ಹೋಗೋಣ.

ಅದಕ್ಕೂ ಮುಂಚೆ ಪದದ ಮಾತು. ಕನ್ನಡದಲ್ಲಿ ಇದಕ್ಕೆ ಒಂದೇ ಹೆಸರಿಲ್ಲ. ಜಾಗ, ಎಡೆ, ತೆರಪು, ತಾಣ, ದಿಕ್ಕು, ದೇಶ, ಆಕಾಶ, ವ್ಯೋಮ, ಅವಕಾಶ ಎಲ್ಲವೂ ಇವೆ. ಇದನ್ನು ಭಾಷೆಯ ಕೊರತೆ ಎಂದು ನೋಡುವವರಿದ್ದಾರೆ. ನನಗೆ ಇದು ಭಾಷೆಯ ವಿವೇಕ. ‘ಕೂರಲು ಜಾಗವಿಲ್ಲ’ ಎಂದಾಗ ನಾವು ಹೇಳುವುದು ವಸ್ತುಗಳನ್ನು ಹಿಡಿಸುವ ತೆರಪಿನ ಬಗ್ಗೆ. ‘ಇಟ್ಟ ಜಾಗದಲ್ಲಿಲ್ಲ’ ಎಂದಾಗ ಒಂದು ವಸ್ತುವಿನ ಸ್ಥಾನದ ಬಗ್ಗೆ. ‘ಯಾವ ದಿಕ್ಕಿಗೆ’ ಎಂದಾಗ ವಸ್ತು ವಸ್ತುಗಳ ನಡುವಿನ ಸಂಬಂಧದ ಬಗ್ಗೆ. ‘ಮಾತಾಡಲು ಅವಕಾಶ ಕೊಡಿ’ ಎಂದಾಗ ಎಡೆಗೊಡುವ ಕ್ರಿಯೆಯ ಬಗ್ಗೆ. ಒಂದೇ ಕಲ್ಪನೆ ಎಂದು ನಾವು ಭಾವಿಸಿದ್ದು ಹೀಗೆ ಹಲವು ಕಲ್ಪನೆಗಳ ಕಟ್ಟು. ಅದನ್ನು ಯಾರು ಯಾವಾಗ ಕಟ್ಟಿದರು, ಯಾರು ಬಿಚ್ಚಿದರು ಎಂಬುದೇ ಅದರ ಇತಿಹಾಸ. ಇಡೀ ಕಟ್ಟಿಗೆ ಇಲ್ಲಿ ‘ಅವಕಾಶ’ ಎನ್ನುತ್ತೇನೆ. ಎಳೆ ಬಿಡಿಸಬೇಕಾದ ಕಡೆ ಆಕಾಶ, ದಿಕ್ಕು, ಸ್ಥಾನ ಎಂದು ಬೇರೆಯಾಗಿಯೇ ಕರೆಯುತ್ತೇನೆ.

ಕ್ರಿ.ಪೂ. 4ನೆಯ ಶತಮಾನದಲ್ಲಿ ಅರಿಸ್ಟಾಟಲ್ ಹೊರಟದ್ದು ಸರಳವಾದ ಒಂದು ಗಮನಿಕೆಯಿಂದ. ಈಗ ನೀರಿರುವ ಕಡೆ, ಅದನ್ನು ಚೆಲ್ಲಿದ ಮೇಲೆ ಗಾಳಿ ಬರುತ್ತದೆ. ಅಂದರೆ ನೀರೂ ಅಲ್ಲದ, ಗಾಳಿಯೂ ಅಲ್ಲದ, ಎರಡಕ್ಕೂ ಸರದಿಯ ಮೇಲೆ ಒದಗುವ ಏನೋ ಒಂದು ಇರಬೇಕು. ಅದೇನು? ಕೊಡದ ಒಳಗಿನ ತೆರಪು ಎಂದು ಅವನು ಹೇಳಲಿಲ್ಲ. ತೆರಪನ್ನೇ ಒಂದು ವಸ್ತುವಾಗಿ ಒಪ್ಪಿದರೆ ನೀರಿನ ಉದ್ದಗಲ ಎತ್ತರದ ಜೊತೆಗೆ ತೆರಪಿನ ಉದ್ದಗಲ ಎತ್ತರವೂ ಒಂದೇ ಕಡೆ ಇದ್ದಂತಾಗುತ್ತದೆ, ಎರಡು ಘನಗಳು ಒಂದರೊಳಗೊಂದು ಹೊಕ್ಕಂತೆ. ಅದನ್ನು ತಪ್ಪಿಸಲು, ನೀರನ್ನು ಮುಟ್ಟಿಕೊಂಡಿರುವ ಕೊಡದ ಒಳಮೈಯೇ ನೀರಿನ ಸ್ಥಾನ ಎಂದ. ಪಾತ್ರೆ ಎಂದರೆ ಎತ್ತಿಕೊಂಡು ಹೋಗಬಹುದಾದ ಸ್ಥಾನ, ಸ್ಥಾನ ಎಂದರೆ ಎತ್ತಿಕೊಂಡು ಹೋಗಲಾಗದ ಪಾತ್ರೆ ಎಂಬುದು ಅವನ ಮಾತು. ಈ ಲೆಕ್ಕದಲ್ಲಿ ಅವಕಾಶ ಎಂಬ ಬೇರೊಂದು ವಸ್ತುವೇ ಬೇಡ. ಸುತ್ತುವರಿಯುವ ವಸ್ತುವಿನ ಅಂಚು ಇದ್ದರೆ ಸಾಕು.

ತೊಡಕು ಬೇಗ ಬಂತು. ಹರಿಯುವ ಹೊಳೆಯಲ್ಲಿ ಲಂಗರು ಹಾಕಿದ ದೋಣಿಯನ್ನು ತೆಗೆದುಕೊಳ್ಳಿ. ಅದನ್ನು ಮುಟ್ಟುವ ನೀರು ಕ್ಷಣಕ್ಷಣಕ್ಕೂ ಬೇರೆ. ಹಾಗಾದರೆ ನಿಂತ ದೋಣಿಯ ಸ್ಥಾನವೂ ಕ್ಷಣಕ್ಷಣಕ್ಕೆ ಬದಲಾಗುತ್ತದೆಯೇ? ಇಲ್ಲ, ಇಡೀ ಹೊಳೆಯೇ ಅದರ ಸ್ಥಾನ, ಏಕೆಂದರೆ ಅದು ಒಟ್ಟಾರೆ ಅಲ್ಲಾಡುವುದಿಲ್ಲ ಎಂದು ಅರಿಸ್ಟಾಟಲ್ ಉತ್ತರಿಸಿದ. ಉತ್ತರ ಜಾಣತನದ್ದು, ಆದರೆ ದಣಿದ ಉತ್ತರವೂ ಹೌದು. ಇನ್ನೂ ದೊಡ್ಡ ತೊಡಕು ವಿಶ್ವದ ಅಂಚಿನಲ್ಲಿತ್ತು. ಅವನಿಗಿಂತ ಹಿರಿಯನಾದ ಗ್ರೀಕ್ ಚಿಂತಕ ಆರ್ಕೈಟಸ್ ಕೇಳಿದ ಪ್ರಶ್ನೆ ಇಂದಿಗೂ ಮಕ್ಕಳ ಬಾಯಲ್ಲಿ ಬರುತ್ತದೆ: ವಿಶ್ವದ ಕಟ್ಟಕಡೆಗೆ ಹೋಗಿ ನಿಂತು ಕೈ ಚಾಚಿದರೆ ಏನಾಗುತ್ತದೆ? ಕೈ ಮುಂದೆ ಹೋದರೆ ಆಚೆಗೆ ಎಡೆ ಇದೆ ಎಂದಾಯಿತು. ತಡೆದರೆ, ತಡೆಯುವ ವಸ್ತು ಅಲ್ಲಿದೆ ಎಂದಾಯಿತು. ಅರಿಸ್ಟಾಟಲನ ಪ್ರಕಾರ ವಿಶ್ವವನ್ನು ಸುತ್ತುವರಿದ ಕಡೆಯ ಗೋಲದ ಆಚೆಗೆ ವಸ್ತುವೂ ಇಲ್ಲ, ಸ್ಥಾನವೂ ಇಲ್ಲ, ಬರಿದೂ ಇಲ್ಲ.

ಇದೇ ಪ್ರಶ್ನೆಗೆ ಜೈನರು ಕೊಟ್ಟ ಉತ್ತರ ನನಗೆ ಬಲು ಇಷ್ಟ. ಅವರಲ್ಲಿ ಆಕಾಶದ ಕೆಲಸವೇ ಎಡೆಗೊಡುವುದು. ಉಳಿದ ದ್ರವ್ಯಗಳೆಲ್ಲ ಅದರಲ್ಲಿ ತಂಗುತ್ತವೆ. ಅದಕ್ಕೆ ಕೊನೆಯಿಲ್ಲ; ಲೋಕವಿರುವ ಭಾಗ ಲೋಕಾಕಾಶ, ಆಚೆಗಿರುವುದು ಅಲೋಕಾಕಾಶ. ಆದರೆ ಚಲಿಸಲು ಎಡೆಯೊಂದೇ ಸಾಲದು. ಮೀನಿಗೆ ನೀರಿದ್ದಂತೆ ಚಲನೆಗೆ ನೆರವಾಗುವ ‘ಧರ್ಮ’ ಎಂಬ ದ್ರವ್ಯ ಬೇಕು, ನಿಲ್ಲಲು ‘ಅಧರ್ಮ’ ಬೇಕು. (ಇಲ್ಲಿ ಈ ಪದಗಳಿಗೆ ಪಾಪಪುಣ್ಯದ ಅರ್ಥವಿಲ್ಲ.) ಅವೆರಡೂ ಲೋಕದಾಚೆಗಿಲ್ಲ. ಹಾಗಾಗಿ ಆರ್ಕೈಟಸನ ಕೈ ಆಚೆಗೆ ಹೋಗುವುದಿಲ್ಲ, ಆದರೂ ಆಚೆಗೆ ಆಕಾಶ ಇದೆ. ಕೈಯನ್ನು ತಡೆದದ್ದು ಗೋಡೆಯಲ್ಲ, ಚಲನೆಯ ನೆರವಿನ ಅಭಾವ. ‘ಎಡೆ ಇರುವುದು’ ಮತ್ತು ‘ಹೋಗಲು ಆಗುವುದು’ ಒಂದೇ ಅಲ್ಲ ಎಂಬ ಈ ವಿಂಗಡಣೆ ಗ್ರೀಕ್ ವಾದದಲ್ಲಿ ಕಾಣುವುದಿಲ್ಲ.

ಭಾರತೀಯ ದರ್ಶನಗಳಲ್ಲೊಂದಾದ ವೈಶೇಷಿಕದವರು ಇನ್ನೊಂದು ರೀತಿಯಲ್ಲಿ ಎಳೆ ಬಿಡಿಸಿದರು. ಅವರ ಒಂಬತ್ತು ದ್ರವ್ಯಗಳ ಪಟ್ಟಿಯಲ್ಲಿ ಆಕಾಶವೂ ಇದೆ, ದಿಕ್ಕೂ ಇದೆ, ಬೇರೆಬೇರೆಯಾಗಿ. ಆಕಾಶ ಎಂದರೆ ಶಬ್ದಕ್ಕೆ ಆಶ್ರಯ. ಶಬ್ದ ಮಣ್ಣಿನ ಗುಣವಲ್ಲ, ನೀರಿನದಲ್ಲ, ಬೆಂಕಿ ಗಾಳಿಗಳದೂ ಅಲ್ಲ, ಆದರೂ ಗುಣ ಎಂದಮೇಲೆ ಯಾವುದಾದರೂ ದ್ರವ್ಯದಲ್ಲಿ ಇರಲೇಬೇಕು ಎಂಬ ತರ್ಕದಿಂದ ಬಂದದ್ದು ಅದು. ದಿಕ್ಕಿನ ದಾರಿ ಬೇರೆ. ‘ಇದು ಅದಕ್ಕಿಂತ ಹತ್ತಿರ’, ‘ಅದು ಇದರ ಪೂರ್ವಕ್ಕೆ’ ಎಂಬ ಅರಿವು ನಮಗೆ ಬರುತ್ತದೆ. ಅದು ವಸ್ತುಗಳಲ್ಲಿಯೇ ಅಡಗಿಲ್ಲ, ಏಕೆಂದರೆ ನಾವು ಆಚೆ ಬದಿಗೆ ಹೋದರೆ ಹತ್ತಿರದ್ದು ದೂರವಾಗುತ್ತದೆ. ಹಾಗಾದರೆ ಆ ಅರಿವಿಗೆ ಕಾರಣವಾದ ಒಂದು ದ್ರವ್ಯ ಇರಬೇಕು, ಅದೇ ದಿಕ್ಕು. ಅದು ಒಂದೇ, ನಿತ್ಯ, ಎಲ್ಲೆಲ್ಲೂ ಹರಡಿದೆ. ಪೂರ್ವ ಪಶ್ಚಿಮ ಎಂದು ಅದನ್ನು ಒಡೆಯುವುದು ಸೂರ್ಯನ ಸಂಬಂಧದಿಂದ ನಾವು ಮಾಡಿಕೊಂಡ ವ್ಯವಹಾರ. 16ನೆಯ ಶತಮಾನದ ಹೊತ್ತಿಗೆ ನವ್ಯನ್ಯಾಯ ಎಂಬ ತರ್ಕಪರಂಪರೆಯ ರಘುನಾಥ ಶಿರೋಮಣಿ ಇದೆಲ್ಲ ಅನವಶ್ಯಕ ಭಾರ ಎಂದು ಕಂಡು, ದಿಕ್ಕೂ ಕಾಲವೂ ಈಶ್ವರನಿಗಿಂತ ಬೇರೆಯಲ್ಲ ಎಂದುಬಿಟ್ಟ.

ಅದ್ವೈತದ ಗೌಡಪಾದರ ಘಟಾಕಾಶ, ಅಂದರೆ ಕೊಡದೊಳಗಿನ ಆಕಾಶ, ಬೇರೆ ಉದ್ದೇಶಕ್ಕೆ ಬಂದ ದೃಷ್ಟಾಂತ. ಕೊಡ ಒಡೆದಾಗ ಒಳಗಿನ ಆಕಾಶ ಮಹಾಕಾಶದಲ್ಲಿ ಒಂದಾಗುವಂತೆ ಜೀವ ಆತ್ಮದಲ್ಲಿ ಒಂದಾಗುತ್ತದೆ ಎನ್ನಲು ಅವರು ಅದನ್ನು ತಂದರು. ಆದರೆ ದೃಷ್ಟಾಂತ ಕೆಲಸ ಮಾಡಬೇಕಾದರೆ ಒಂದು ಮಾತನ್ನು ಮೊದಲೇ ಒಪ್ಪಿರಬೇಕು: ಕೊಡ ಆಕಾಶವನ್ನು ಕತ್ತರಿಸುವುದಿಲ್ಲ, ಕತ್ತರಿಸಿದಂತೆ ತೋರಿಸುತ್ತದೆ ಅಷ್ಟೇ. ಅರಿಸ್ಟಾಟಲನಲ್ಲಿ ಪಾತ್ರೆಯಿಂದ ಸ್ಥಾನ ಹುಟ್ಟುತ್ತದೆ. ಇಲ್ಲಿ ಪಾತ್ರೆ ಹುಟ್ಟುವ ಮೊದಲೇ ಆಕಾಶ ಇದೆ. ಒಂದೇ ಕೊಡವನ್ನು ನೋಡಿ ತದ್ವಿರುದ್ಧ ತೀರ್ಮಾನಕ್ಕೆ ಬಂದ ಎರಡು ಬುದ್ಧಿಗಳು.

ಅರಿಸ್ಟಾಟಲನ ಅಂಚಿನ ಸಿದ್ಧಾಂತವನ್ನು ಅಲುಗಾಡಿಸಿದವರಲ್ಲಿ 6ನೆಯ ಶತಮಾನದ ಗ್ರೀಕ್ ವ್ಯಾಖ್ಯಾನಕಾರ ಫಿಲೊಪೊನಸ್ ಮುಖ್ಯ. ಸ್ಥಾನ ಎಂದರೆ ಅಂಚಲ್ಲ, ಮೂರು ಆಯಾಮದ ಹರವು ಎಂದವನು ಅವನು. ಆದರೆ ಅತ್ಯಂತ ಸ್ಪಷ್ಟವಾದ ಏಟು ಕೊಟ್ಟದ್ದು ಬೆಳಕಿನ ಶಾಸ್ತ್ರಕ್ಕೆ ಹೆಸರಾದ ಇಬ್ನ್ ಅಲ್-ಹೈಥಮ್, 11ನೆಯ ಶತಮಾನದಲ್ಲಿ. ಒಂದು ಘನವಸ್ತುವಿನಲ್ಲಿ ಗುಳಿ ಕೊರೆಯುತ್ತ ಹೋಗಿ. ವಸ್ತು ಚಿಕ್ಕದಾಗುತ್ತದೆ, ಆದರೆ ಅದರ ಮೇಲ್ಮೈ ಹೆಚ್ಚುತ್ತದೆ. ಸುತ್ತಲಿನ ಅಂಚೇ ಸ್ಥಾನವಾದರೆ, ವಸ್ತು ಕುಗ್ಗಿದಷ್ಟೂ ಅದರ ಸ್ಥಾನ ಹಿಗ್ಗಿತು ಎನ್ನಬೇಕಾಗುತ್ತದೆ! ಆದ್ದರಿಂದ ಸ್ಥಾನವೆಂದರೆ ವಸ್ತುವಿನ ಅಂಚುಗಳ ನಡುವಣ ದೂರಗಳಿಂದಾದ ಹರವು, ಮನಸ್ಸಿನಲ್ಲಿ ವಸ್ತುವಿನಿಂದ ಬೇರ್ಪಡಿಸಿ ನೋಡಬಹುದಾದದ್ದು ಎಂದ. ಜ್ಯಾಮಿತಿಯ ಅವಕಾಶ ಹೀಗೆ ಭೌತಶಾಸ್ತ್ರದ ಬಾಗಿಲಿಗೆ ಬಂತು. ಯುರೋಪಿನಲ್ಲಿ ಬಾಗಿಲು ತೆರೆಯಲು ನೆರವಾದದ್ದು ವಿಚಿತ್ರವೆಂದರೆ ಒಂದು ನಿಷೇಧ. 1277ರಲ್ಲಿ ಪ್ಯಾರಿಸ್ಸಿನ ಬಿಷಪ್ 219 ಹೇಳಿಕೆಗಳನ್ನು ನಿಷೇಧಿಸಿದ. ‘ಹಿಂದೆ ಬರಿದು ಉಳಿಯುತ್ತದಾದ್ದರಿಂದ ದೇವರು ಇಡೀ ಜಗತ್ತನ್ನು ಸರಳರೇಖೆಯಲ್ಲಿ ಸರಿಸಲಾರ’ ಎಂಬುದು ಅವುಗಳಲ್ಲೊಂದು. ದೇವರು ಸರಿಸಬಲ್ಲ ಎಂದು ಒಪ್ಪಿದ ಮೇಲೆ, ಎಲ್ಲಿಂದ ಎಲ್ಲಿಗೆ ಎಂಬುದನ್ನೂ ಯೋಚಿಸಲೇಬೇಕಲ್ಲ.

ಬರಿದಿನ ಪ್ರಶ್ನೆ ಮಾತ್ರ ಉಳಿದೇ ಇತ್ತು. 1644ರಲ್ಲಿ ಡೆಕಾರ್ಟ್ ಮತ್ತೆ ಪಾತ್ರೆಯನ್ನೇ ಕೈಗೆತ್ತಿಕೊಂಡ. ಪಾತ್ರೆಯೊಳಗಿನ ಎಲ್ಲ ವಸ್ತುವನ್ನೂ ದೇವರು ತೆಗೆದುಹಾಕಿ, ಬೇರೇನೂ ಒಳಗೆ ಬರದಂತೆ ತಡೆದರೆ ಏನಾಗುತ್ತದೆ? ಪಾತ್ರೆಯ ಗೋಡೆಗಳು ಒಂದನ್ನೊಂದು ಮುಟ್ಟುತ್ತವೆ ಎಂದ. ನಡುವೆ ಏನೂ ಇಲ್ಲದಿದ್ದರೆ ದೂರವೂ ಇಲ್ಲ. ದೂರ ಎಂಬುದು ಹರವು, ಹರವು ಎಂಬುದು ವಸ್ತುವಿನ ಸ್ವಭಾವ, ‘ಏನೂ ಇಲ್ಲ’ ಎಂಬುದಕ್ಕೆ ಸ್ವಭಾವವಿಲ್ಲ. ತರ್ಕದಲ್ಲಿ ಬಿರುಕಿಲ್ಲ. ಆದರೆ ಅದೇ ವರ್ಷ ಇಟಲಿಯಲ್ಲಿ ಟಾರಿಚೆಲ್ಲಿ, ಪಾದರಸ ತುಂಬಿದ ಕೊಳವೆಯನ್ನು ಬೋರಲು ಹಾಕಿದಾಗ ಮೇಲ್ಗಡೆ ತೆರಪೊಂದು ಉಳಿಯುವುದನ್ನು ಪತ್ರದಲ್ಲಿ ವಿವರಿಸಿದ. ಪಾದರಸ ಸುಮಾರು 76 ಸೆಂ.ಮೀ. ಎತ್ತರದಲ್ಲಿ ನಿಂತಿತ್ತು, ಗಾಜಿನ ಗೋಡೆಗಳು ಒಂದನ್ನೊಂದು ಮುಟ್ಟಲಿಲ್ಲ. 1648ರ ಸೆಪ್ಟೆಂಬರ್ 19ರಂದು ಪಾಸ್ಕಲನ ಭಾವ ಪೆರಿಯೆ ಇಂಥ ಕೊಳವೆಯನ್ನು ಪ್ಯುಯಿ ದ ಡೋಮ್ ಬೆಟ್ಟದ ತುದಿಗೆ ಹೊತ್ತೊಯ್ದ. ಪಾದರಸ 8 ಸೆಂ.ಮೀ. ಗಿಂತ ಹೆಚ್ಚು ಇಳಿಯಿತು. ಅದನ್ನು ಎತ್ತಿ ಹಿಡಿದದ್ದು ಬರಿದಿನ ಬಗ್ಗೆ ಪ್ರಕೃತಿಗಿರುವ ಅಂಜಿಕೆಯಲ್ಲ, ಹೊರಗಿನ ಗಾಳಿಯ ಭಾರ. ಮೇಲಿನ ತೆರಪಿನಲ್ಲಿ ಬೆಳಕು ಹಾಯುತ್ತದಲ್ಲ, ಹಾಗಾದರೆ ಅಲ್ಲಿ ಏನೋ ಇದೆ ಎಂದು ವಾದಿಸಿದವರೂ ಇದ್ದರು. ಅವರನ್ನು ಪೆದ್ದರೆಂದು ತಳ್ಳಿಹಾಕಬಾರದು, ಆ ಪ್ರಶ್ನೆ ಮುಂದೆ ತಿರುಗಿ ಬರುತ್ತದೆ.

ಇನ್ನು ಬಕೆಟ್. 1687ರಲ್ಲಿ ನ್ಯೂಟನ್ ಬರೆದ ಈ ಪ್ರಯೋಗವನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ನೀರು ತುಂಬಿದ ಬಕೆಟ್ಟನ್ನು ಹಗ್ಗಕ್ಕೆ ಕಟ್ಟಿ, ಹಗ್ಗ ಬಿಗಿಯುವವರೆಗೆ ಹುರಿಹಾಕಿ ಬಿಡಿ. ಮೊದಲು ಬಕೆಟ್ ಮಾತ್ರ ಗಿರ್ರನೆ ತಿರುಗುತ್ತದೆ, ನೀರಿನ ಮೇಲ್ಮೈ ಮಟ್ಟಸವಾಗಿಯೇ ಇರುತ್ತದೆ. ಕ್ರಮೇಣ ನೀರೂ ಬಕೆಟ್ಟಿನ ಜೊತೆ ತಿರುಗತೊಡಗಿ ನಡುವೆ ತಗ್ಗಾಗುತ್ತದೆ, ಅಂಚಿನಲ್ಲಿ ಏರುತ್ತದೆ. ಈಗ ಗಮನಿಸಿ. ಮೊದಲ ಹಂತದಲ್ಲಿ ಬಕೆಟ್ಟಿಗೆ ಹೋಲಿಸಿದರೆ ನೀರು ಚಲಿಸುತ್ತಿತ್ತು, ಆದರೂ ಮೇಲ್ಮೈ ಮಟ್ಟಸ. ಎರಡನೆಯ ಹಂತದಲ್ಲಿ ಬಕೆಟ್ಟಿಗೆ ಹೋಲಿಸಿದರೆ ನೀರು ನಿಂತಿದೆ, ಆದರೂ ಮೇಲ್ಮೈ ತಗ್ಗು. ಅಂದಮೇಲೆ ನೀರು ‘ನಿಜವಾಗಿ’ ತಿರುಗುತ್ತಿದೆಯೇ ಎಂಬುದನ್ನು ಅದನ್ನು ಮುಟ್ಟಿಕೊಂಡಿರುವ ಪಾತ್ರೆ ನಿರ್ಧರಿಸುವುದಿಲ್ಲ. ಅರಿಸ್ಟಾಟಲ್ ಇಲ್ಲಿಗೆ ಮುಗಿದ. ಹಾಗಾದರೆ ನೀರು ತಿರುಗುತ್ತಿರುವುದು ಯಾವುದಕ್ಕೆ ಹೋಲಿಸಿ? ನಿರಪೇಕ್ಷ ಅವಕಾಶಕ್ಕೆ ಎಂದ ನ್ಯೂಟನ್: ಯಾವುದಕ್ಕೂ ತಗುಲದೆ, ಸದಾ ಒಂದೇ ರೀತಿ, ಅಲುಗದೆ ಇರುವ ಅವಕಾಶ. ಕಾಣದ ವಸ್ತುವೊಂದು ಇದೆ ಎನ್ನಲು ನೀರಿನ ಒಂದು ತಗ್ಗನ್ನು ಸಾಕ್ಷಿ ನಿಲ್ಲಿಸಿದ ಈ ಧೈರ್ಯಕ್ಕೆ ಸಮನಾದದ್ದು ವಿಜ್ಞಾನದ ಇತಿಹಾಸದಲ್ಲಿ ವಿರಳ.

ಜರ್ಮನ್ ತತ್ತ್ವಜ್ಞ ಲೈಬ್ನಿಟ್ಸ್ ಒಪ್ಪಲಿಲ್ಲ. 1715–16ರಲ್ಲಿ, ತನ್ನ ಬದುಕಿನ ಕೊನೆಯ ತಿಂಗಳುಗಳಲ್ಲಿ, ನ್ಯೂಟನ್ನನ ಪರ ನಿಂತ ಕ್ಲಾರ್ಕ್ ಜೊತೆ ಪತ್ರದಲ್ಲಿ ವಾದಿಸಿದ. ಎಲ್ಲ ಕಡೆಯೂ ಒಂದೇ ರೀತಿ ಇರುವ ನಿರಪೇಕ್ಷ ಅವಕಾಶ ಇದ್ದಿದ್ದರೆ, ದೇವರು ಜಗತ್ತನ್ನು ಇಲ್ಲೇ ಏಕೆ ಇಟ್ಟ, ಪೂರ್ವಪಶ್ಚಿಮ ಅದಲುಬದಲು ಮಾಡಿ ಏಕೆ ಇಡಲಿಲ್ಲ ಎಂಬುದಕ್ಕೆ ಕಾರಣವೇ ಇರುತ್ತಿರಲಿಲ್ಲ. ಆ ಎರಡು ಜಗತ್ತುಗಳಲ್ಲಿ ಯಾರಿಗೂ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಅಂದಮೇಲೆ ಅವು ಎರಡಲ್ಲ, ಒಂದೇ. ಅವಕಾಶ ಎಂದರೆ ಒಟ್ಟಿಗೆ ಇರುವ ವಸ್ತುಗಳ ಕ್ರಮ ಮಾತ್ರ. ವಂಶವೃಕ್ಷವನ್ನು ನೋಡಿ ಎಂದ: ಅಜ್ಜ, ಮೊಮ್ಮಗಳು, ಅಣ್ಣ, ತಂಗಿ ಎಂಬ ಸ್ಥಾನಗಳು ಅದರಲ್ಲಿವೆ, ಆದರೆ ಜನರನ್ನೆಲ್ಲ ತೆಗೆದ ಮೇಲೂ ಉಳಿಯುವ ‘ಖಾಲಿ ವಂಶ’ ಎಂಬುದಿಲ್ಲ. ವೈಶೇಷಿಕರ ದಿಕ್ಕಿನಿಂದ ದ್ರವ್ಯವನ್ನು ಕಳೆದು ಸಂಬಂಧವನ್ನಷ್ಟೇ ಉಳಿಸಿದರೆ ಸಿಗುವುದು ಹೆಚ್ಚುಕಡಿಮೆ ಇದೇ. ತರ್ಕದಲ್ಲಿ ಲೈಬ್ನಿಟ್ಸ್ ಗೆದ್ದ ಎಂದೇ ನನ್ನ ಅನಿಸಿಕೆ. ಆದರೆ ಬಕೆಟ್ಟಿನ ನೀರು ತಗ್ಗಾಗಿಯೇ ಇತ್ತು, ಅದಕ್ಕೆ ಅವನ ಬಳಿ ತೃಪ್ತಿ ಕೊಡುವ ಉತ್ತರವಿರಲಿಲ್ಲ.

ಇನ್ನೊಬ್ಬ ಜರ್ಮನ್ ತತ್ತ್ವಜ್ಞ ಕಾಂಟ್ ಮೊದಲು ನ್ಯೂಟನ್ನನ ಕಡೆ ವಾಲಿದ, ಎರಡು ಕೈಗಳ ಬಲದಿಂದ. ಎಡಗೈ ಬಲಗೈಗಳಲ್ಲಿ ಬೆರಳಿಂದ ಬೆರಳಿಗೆ ಇರುವ ದೂರ, ಕೋನ ಎಲ್ಲವೂ ಒಂದೇ. ಸಂಬಂಧಗಳೇ ಎಲ್ಲವೂ ಆಗಿದ್ದರೆ ಎರಡೂ ಒಂದೇ ಆಗಬೇಕಿತ್ತು. ಆದರೆ ಬಲಗೈ ಗವಸು ಎಡಗೈಗೆ ಕೂರುವುದಿಲ್ಲ. 1768ರಲ್ಲಿ ಹೀಗೆ ಬರೆದವನು 1781ರ ಹೊತ್ತಿಗೆ ಇಡೀ ಜಗಳದ ನೆಲೆಯನ್ನೇ ಬದಲಿಸಿದ. ಅವಕಾಶ ಹೊರಗಿರುವ ವಸ್ತುವೂ ಅಲ್ಲ, ವಸ್ತುಗಳ ಸಂಬಂಧವೂ ಅಲ್ಲ. ಹೊರಗಿನದು ನಮಗೆ ಕಾಣಿಸಿಕೊಳ್ಳುವ ಬಗೆ. ವಸ್ತುಗಳಿಲ್ಲದ ಅವಕಾಶವನ್ನು ಊಹಿಸಬಹುದು, ಅವಕಾಶವೇ ಇಲ್ಲ ಎಂದು ಊಹಿಸಲಾಗದು. ಏಕೆಂದರೆ ಅದನ್ನು ನಾವು ಅನುಭವದಿಂದ ಕಲಿತದ್ದಲ್ಲ, ಅನುಭವಕ್ಕೆ ಹೋಗುವಾಗಲೇ ಜೊತೆಗೊಯ್ದದ್ದು.

ಇಲ್ಲಿ ಮಧ್ವಾಚಾರ್ಯರು ನೆನಪಾಗದಿರಲು ಸಾಧ್ಯವಿಲ್ಲ. ಕಾಂಟನಿಗೆ ಐದು ಶತಮಾನ ಮೊದಲೇ ಅವರು, ಅವ್ಯಾಕೃತಾಕಾಶ ಎಂದರೆ ಶುದ್ಧ ಅವಕಾಶ, ಅದು ಪಂಚಭೂತಗಳಲ್ಲೊಂದಾದ ಭೂತಾಕಾಶಕ್ಕಿಂತ ಬೇರೆ; ಅದನ್ನು ಅರಿಯುವುದು ಕಣ್ಣು ಕಿವಿಗಳಲ್ಲ, ತರ್ಕದಿಂದ ಊಹಿಸುವ ಅನುಮಾನವೂ ಅಲ್ಲ, ಸಾಕ್ಷಿ ಎಂಬ ಅರಿಯುವ ಸ್ವರೂಪವೇ ನೇರವಾಗಿ ಅರಿಯುತ್ತದೆ ಎಂದಿದ್ದರು. ಇಂದ್ರಿಯಗಳ ಮೂಲಕ ಬರದ ಅರಿವು ಎಂಬಲ್ಲಿಯವರೆಗೆ ಇಬ್ಬರೂ ಜೊತೆಗೆ ನಡೆಯುತ್ತಾರೆ. ಆಮೇಲೆ ದಾರಿ ಕವಲೊಡೆಯುತ್ತದೆ. ಇಂದ್ರಿಯಕ್ಕೆ ಬರದ್ದರಿಂದ ಅವಕಾಶ ನಮ್ಮ ಬಗೆ ಎಂದ ಕಾಂಟ್. ಸಾಕ್ಷಿ ತಪ್ಪದಿರುವುದರಿಂದ ಅವಕಾಶ ಪೂರ್ತಿ ಸತ್ಯ ಎಂದರು ಮಧ್ವರು.

ಕಾಂಟನ ನಂಬಿಕೆಗೆ ಪೆಟ್ಟು ಬಿದ್ದದ್ದು ಗಣಿತದಿಂದ. ಜೊತೆಗೊಯ್ದ ಅವಕಾಶ ನಾವು ಶಾಲೆಯಲ್ಲಿ ಕಲಿಯುವ ಯೂಕ್ಲಿಡನ ಜ್ಯಾಮಿತಿಯದೇ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಆದರೆ 1829ರಲ್ಲಿ ಲೊಬಚೆವ್‌ಸ್ಕಿ, 1832ರಲ್ಲಿ ಬೊಲ್ಯಾಯಿ, ಒಂದು ಬಿಂದುವಿನ ಮೂಲಕ ಒಂದೇ ರೇಖೆಗೆ ಅನೇಕ ಸಮಾಂತರಗಳು ಹೋಗುವ ಜ್ಯಾಮಿತಿಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಯಾವ ವಿರೋಧಾಭಾಸವೂ ಸಿಗಲಿಲ್ಲ. 1854ರಲ್ಲಿ ರೀಮನ್, ಅವಕಾಶದ ಬಾಗು ಎಡೆಯಿಂದ ಎಡೆಗೆ ಬೇರೆಯಾಗಿರಬಹುದು, ಅಳತೆಗೆ ಆಧಾರವನ್ನು ಅದರಲ್ಲಿ ಕೆಲಸ ಮಾಡುವ ಬಲಗಳಲ್ಲಿ ಹುಡುಕಬೇಕಾಗಬಹುದು ಎಂದ. ನಮ್ಮ ಅವಕಾಶ ಯಾವ ಬಗೆಯದು ಎಂಬುದನ್ನು ಕಣ್ಮುಚ್ಚಿ ಯೋಚಿಸಿ ತಿಳಿಯಲಾಗದು, ಅಳೆದು ತಿಳಿಯಬೇಕು ಎಂದಾಯಿತು. ಅಳೆಯುವ ಕೋಲೇ ಎಡೆಯಿಂದ ಎಡೆಗೆ ಹಿಗ್ಗಿ ಕುಗ್ಗಿದರೆ ಎಂದು ಪ್ವಾಂಕರೆ 1902ರಲ್ಲಿ ಕೇಳಿದ. ಜ್ಯಾಮಿತಿಯನ್ನು ಒಂಟಿಯಾಗಿ ಪರೀಕ್ಷೆಗೆ ಒಡ್ಡಲಾಗದು, ಭೌತನಿಯಮಗಳ ಜೊತೆಯಲ್ಲೇ ಒಡ್ಡಬೇಕು ಎಂಬುದು ಅವನ ಎಚ್ಚರಿಕೆ.

ಅಷ್ಟರಲ್ಲಿ ಬಕೆಟ್ ಮತ್ತೆ ಬಂದಿತ್ತು. 1883ರಲ್ಲಿ ಭೌತವಿಜ್ಞಾನಿ ಮಾಖ್ ಹೇಳಿದ: ನೀರು ತಿರುಗುವುದು ದೂರದ ನಕ್ಷತ್ರಗಳಿಗೆ ಹೋಲಿಸಿ ಎಂದೇಕೆ ಅನ್ನಬಾರದು? ಬಕೆಟ್ಟಿನ ತೆಳು ಗೋಡೆ ನೀರಿನ ಮೇಲೆ ಪರಿಣಾಮ ಬೀರಲಿಲ್ಲ ನಿಜ. ಗೋಡೆ ಹಲವು ಹರದಾರಿ ದಪ್ಪವಿದ್ದಿದ್ದರೆ ಏನಾಗುತ್ತಿತ್ತೆಂದು ಯಾರು ಬಲ್ಲರು? ಈ ಪ್ರಶ್ನೆ ಐನ್‌ಸ್ಟೈನನನ್ನು ಬಹಳ ಕಾಡಿತು. 1915ರ ಅವನ ಸಿದ್ಧಾಂತದಲ್ಲಿ ಅವಕಾಶವೂ ಕಾಲವೂ ಒಂದೇ ಹೆಣಿಗೆ, ವಸ್ತುವಿನ ಇರವಿಗೆ ಅದು ಬಾಗುತ್ತದೆ, ಆ ಬಾಗಿನಂತೆ ವಸ್ತು ಚಲಿಸುತ್ತದೆ. ತಿರುಗುವ ಭಾರಿ ವಸ್ತು ಸುತ್ತಲಿನ ಅವಕಾಶವನ್ನು ತನ್ನ ಜೊತೆ ತುಸು ಎಳೆಯುತ್ತದೆ ಎಂದು 1918ರಲ್ಲಿ ಲೆನ್ಸ್ ಮತ್ತು ಥಿರಿಂಗ್ ಲೆಕ್ಕ ಹಾಕಿದರು. ಮಾಖ್ ಕೇಳಿದ ದಪ್ಪ ಗೋಡೆಯ ಬಕೆಟ್ ಎಂದರೆ ಭೂಮಿಯೇ ಆಯಿತು. 2004ರಲ್ಲಿ ಹಾರಿಸಿದ ಗ್ರಾವಿಟಿ ಪ್ರೋಬ್ ಬಿ ಉಪಗ್ರಹದೊಳಗೆ ಗಿರ್ರನೆ ತಿರುಗುವ ಗೋಲಗಳು ಆ ಎಳೆತವನ್ನು ದಾಖಲಿಸಿದವು, ಫಲಿತಾಂಶ 2011ರಲ್ಲಿ ಬಂತು. ಎಳೆತ ಅತಿ ಸಣ್ಣದು, ಆದರೆ ಇದೆ.

ಹಾಗಾದರೆ ಗೆದ್ದದ್ದು ಯಾರು? ಅಲುಗದ ಅವಕಾಶ ಹೋಯಿತು, ಆದ್ದರಿಂದ ನ್ಯೂಟನ್ ಸೋತ. ವಸ್ತುವೇ ಇಲ್ಲದ ಕಡೆಯೂ ಬಾಗು ಇರಬಹುದು, ಅಲೆ ಹಾಯಬಹುದು. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆಗಳನ್ನು ಹಿಡಿಯಲು ಕಟ್ಟಿದ ಲೈಗೊ ವೀಕ್ಷಣಾಲಯದ 4 ಕಿ.ಮೀ. ಉದ್ದದ ತೋಳುಗಳಲ್ಲಿ ಸಿಕ್ಕಿಬಿದ್ದದ್ದು ಅಂಥದೇ ಅಲೆ. ಆದ್ದರಿಂದ ಲೈಬ್ನಿಟ್ಸನೂ ಪೂರ್ತಿ ಗೆಲ್ಲಲಿಲ್ಲ. 1953ರಲ್ಲಿ ಈ ಇತಿಹಾಸದ ಬಗೆಗಿನ ಪುಸ್ತಕವೊಂದಕ್ಕೆ ಮುನ್ನುಡಿ ಬರೆಯುತ್ತ ಐನ್‌ಸ್ಟೈನ್ ಕೂಡ ಒಂದು ಪೆಟ್ಟಿಗೆಯನ್ನು ಮುಂದಿಟ್ಟುಕೊಂಡ: ಪೆಟ್ಟಿಗೆಯಲ್ಲಿ ಇಷ್ಟೇ ಕಾಳು ಹಿಡಿಸುತ್ತವೆ ಎಂಬ ಅನುಭವದಿಂದ ‘ಹಿಡಿಸುವ ಅವಕಾಶ’ ಹುಟ್ಟಿತು, ವಸ್ತುಗಳ ಜೋಡಣೆಯಿಂದ ‘ಸ್ಥಾನ’ ಹುಟ್ಟಿತು, ಎರಡೂ ಮನುಷ್ಯಬುದ್ಧಿಯ ಸ್ವತಂತ್ರ ಸೃಷ್ಟಿಗಳು ಎಂದು ಬಿಡಿಸಿ ತೋರಿಸಿದ. ಗಾಳಿ ತೆಗೆದ ಕೊಳವೆಯಲ್ಲಿ ಬೆಳಕು ಹಾಯುತ್ತದಲ್ಲ ಎಂದವರ ಪ್ರಶ್ನೆಗೂ ಇಲ್ಲೇ ಉತ್ತರ. ವಸ್ತು ಇಲ್ಲದ ಕಡೆಯೂ ಕ್ಷೇತ್ರ, ಅಂದರೆ ಗುರುತ್ವ, ವಿದ್ಯುತ್ತು, ಕಾಂತತೆಗಳ ಪ್ರಭಾವದ ಹರವು, ಇದೆ. ಕ್ಷೇತ್ರವನ್ನೂ ಕಳೆದರೆ ಉಳಿಯುವುದು ಬರಿ ಅವಕಾಶವಲ್ಲ, ಅದೂ ಉಳಿಯುವುದಿಲ್ಲ ಎಂಬುದು ಐನ್‌ಸ್ಟೈನನ ನಿಲುವು.

ಆದರೆ ಕಾಂಟ್ ಎತ್ತಿದ ಪ್ರಶ್ನೆಯ ಇನ್ನೊಂದು ಅರ್ಧವನ್ನು ಭೌತಶಾಸ್ತ್ರ ಮುಟ್ಟಲೂ ಇಲ್ಲ. ಅವಕಾಶದ ಅರಿವು ನಮಗೆ ಬಂದದ್ದು ಎಲ್ಲಿಂದ? 1688ರಲ್ಲಿ ಐರಿಷ್ ಚಿಂತಕ ಮೋಲಿನೋ, ಇಂಗ್ಲಿಷ್ ತತ್ತ್ವಜ್ಞ ಜಾನ್ ಲಾಕನಿಗೆ ಪತ್ರ ಬರೆದು ಕೇಳಿದ್ದ: ಹುಟ್ಟುಕುರುಡನೊಬ್ಬ ಗೋಲವನ್ನೂ ಘನಾಕೃತಿಯನ್ನೂ ಮುಟ್ಟಿ ಗುರುತಿಸಬಲ್ಲ. ಅವನಿಗೆ ಒಮ್ಮೆಲೇ ಕಣ್ಣು ಬಂದರೆ, ಮುಟ್ಟದೆ, ನೋಡಿಯೇ ಯಾವುದು ಯಾವುದೆಂದು ಹೇಳಬಲ್ಲನೇ? ಸ್ಪರ್ಶಕ್ಕೂ ನೋಟಕ್ಕೂ ಒಂದೇ ಅವಕಾಶವಿದ್ದರೆ ಹೇಳಬೇಕು. ಲಾಕ್ ಇಲ್ಲ ಎಂದ. ತತ್ತ್ವಜ್ಞ ಬರ್ಕ್ಲಿ 1709ರಲ್ಲಿ ಇನ್ನೂ ಮುಂದೆ ಹೋಗಿ, ದೂರ ಎಂಬುದು ಕಣ್ಣಿಗೆ ಕಾಣುವುದೇ ಇಲ್ಲ, ಕೈಕಾಲಿನ ಅನುಭವದಿಂದ ಕಲಿತದ್ದು ಎಂದ. 1728ರಲ್ಲಿ ಶಸ್ತ್ರವೈದ್ಯ ಚೆಸೆಲ್ಡನ್ ಕಣ್ಣು ಕೊಟ್ಟ ಹುಡುಗನೊಬ್ಬ, ನೋಡಿದ್ದೆಲ್ಲ ತನ್ನ ಕಣ್ಣಿಗೇ ತಾಗುತ್ತಿದೆ ಎಂದಿದ್ದ. 2011ರಲ್ಲಿ, ಭಾರತದಲ್ಲಿ ಹುಟ್ಟುಕುರುಡು ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸುವ ಪ್ರಾಜೆಕ್ಟ್ ಪ್ರಕಾಶ್‌ನ ಸಂಶೋಧಕರು ನೇರ ಪರೀಕ್ಷೆಯ ಫಲ ಪ್ರಕಟಿಸಿದರು. ಕಣ್ಣು ಬಂದ ಹೊಸತರಲ್ಲಿ ಮಕ್ಕಳು, ಮುಟ್ಟಿದ ಆಕಾರವನ್ನು ನೋಡಿ ಗುರುತಿಸಲಾರದೆ ಹೋದರು. ಲಾಕ್ ಹೇಳಿದ್ದು ಸರಿ ಎನ್ನುವಷ್ಟರಲ್ಲಿ, ಮತ್ತೆ ಪರೀಕ್ಷಿಸಿದ ಮಕ್ಕಳು ಕೆಲವೇ ದಿನಗಳಲ್ಲಿ, ಯಾರೂ ಹೇಳಿಕೊಡದೆ, ಗುರುತಿಸತೊಡಗಿದ್ದರು. ಅಷ್ಟು ಬೇಗ ಬರಬೇಕಾದರೆ ಬರಲು ತಯಾರಾದ ಏನೋ ಒಳಗಿರಬೇಕು.

ಆ ‘ಏನೋ’ದ ಸುಳಿವು ಇಲಿಗಳ ಮಿದುಳಿನಲ್ಲಿ ಸಿಕ್ಕಿದೆ. 1971ರಲ್ಲಿ ಜಾನ್ ಓಕೀಫ್, ಇಲಿ ಒಂದು ನಿರ್ದಿಷ್ಟ ಎಡೆಗೆ ಬಂದಾಗಲಷ್ಟೇ ಮಿಡಿಯುವ ನರಕೋಶಗಳನ್ನು ವರದಿ ಮಾಡಿದ. 2005ರಲ್ಲಿ ಮೇ-ಬ್ರಿಟ್ ಮತ್ತು ಎಡ್ವರ್ಡ್ ಮೋಸರ್ ತಂಡ ಇನ್ನೊಂದು ಬಗೆಯ ಕೋಶಗಳನ್ನು ವಿವರಿಸಿತು. ಇವು ಮಿಡಿಯುವ ಎಡೆಗಳನ್ನು ನೆಲದ ಮೇಲೆ ಗುರುತು ಹಾಕಿದರೆ ಜೇನುಹುಟ್ಟಿನಂಥ ಷಟ್ಕೋನಗಳ ಹಾಸು ಮೂಡುತ್ತದೆ. ಮೂವರಿಗೂ 2014ರ ನೊಬೆಲ್ ಬಂತು. ತಲೆ ಯಾವ ಕಡೆ ತಿರುಗಿದೆ ಎಂಬುದಕ್ಕೆ ಮಿಡಿಯುವ ಕೋಶಗಳೂ ಇವೆ. 2010ರಲ್ಲಿ ಎರಡು ತಂಡಗಳು, ಹುಟ್ಟಿ ಸುಮಾರು ಎರಡು ವಾರವಾಗಿ ಆಗತಾನೇ ಗೂಡಿನಿಂದ ಹೊರಬರುತ್ತಿದ್ದ ಮರಿಗಳಲ್ಲಿ ಈ ಮೂರನ್ನೂ ಅಳೆದವು. ಸ್ಥಾನದ ಕೋಶಗಳು ಆಗಲೇ ಇದ್ದವು, ಆದರೆ ಇನ್ನೂ ಮಾಗುತ್ತಿದ್ದವು. ಷಟ್ಕೋನದ ಹಾಸು ಕೆಲವು ದಿನ ತಡವಾಗಿ ಬಂತು. ಮೊದಲ ಹೆಜ್ಜೆಗೇ ದೊಡ್ಡ ಇಲಿಯಲ್ಲಿದ್ದಷ್ಟು ಪಕ್ವವಾಗಿ ಸಿದ್ಧವಿದ್ದದ್ದು ಒಂದೇ, ದಿಕ್ಕು.